ಕೊಟ್ರಪ್ಪನವರ ಕಪ್ಪು ಪಂಚೆ

ಪಂಕ್ಚರ್ ಹಾಕುವಾಗ ಟ್ಯೂಬಿಗೆ ಸವರುವ ಸೊಲ್ಯೂಷನ್ನಿನ ವಾಸನೆ ಎಲ್ಲಿ ಬಂದರೂ ನಾನು ಮಾಗಡಿಯ ಹುಡುಗಿಯಾಗಿಬಿಡುತ್ತೇನೆ. ಅಲ್ಲಿ ನಮ್ಮ ಮನೆಯ ಎದುರಿಗೇ ಬಾಡಿಗೆ ಸೈಕಲ್ಲಿನ ಅಂಗಡಿ ಇತ್ತು. ಬೆಳಿಗ್ಗೆ ಅದರ ಬಾಗಿಲು ತೆಗೆದರೆ ಸಾಕು, ಉಜ್ಜಿದ ರಬ್ಬರು, ಸೀಮೆಎಣ್ಣೆ, ಸೊಲ್ಯೂಷನ್ ಮೂರೂ ಬೆರೆತ ವಾಸನೆ ರಸ್ತೆ ದಾಟಿಕೊಂಡು ನಮ್ಮ ಅಡುಗೆಮನೆಗೆ ಬರುತ್ತಿತ್ತು. ಅಮ್ಮ ಮೂಗಿಗೆ ಸೆರಗು ಹಿಡಿಯುತ್ತಿದ್ದಳು. ನಾನು ಕಿಟಕಿಯ ಸರಳಿನ ನಡುವೆ ಮೂಗು ತೂರಿಸುತ್ತಿದ್ದೆ.

ಹಾಗಾಗಿ ಕಳೆದ ಕಾರ್ತಿಕದ ಒಂದು ಬೆಳಗಿನ ಜಾವ ಸಿಂಗಸಂದ್ರದ ನಮ್ಮ ಮನೆಯ ಮೆಟ್ಟಿಲ ಕೆಳಗಿನಿಂದ ಅದೇ ವಾಸನೆ ಬಂದಾಗ ನನಗೆ ಮೊದಲು ಆದದ್ದು ಸಂತೋಷ. ಭಯ ಆಮೇಲೆ ಆಯಿತು. ಏಕೆಂದರೆ ಮೆಟ್ಟಿಲ ಕೆಳಗೆ ಎದುರುಮನೆಯ ಕೊಟ್ರಪ್ಪನವರು ಚಡ್ಡಿಯಲ್ಲಿ ಕೂತಿದ್ದರು.

"ಚೀರಬ್ಯಾಡ್ರಿ ಟೀಚರಮ್ಮ, ನಾನ್ರೀ, ಕೊಟ್ರಪ್ಪ" ಎಂದರು ಪಿಸುಮಾತಿನಲ್ಲಿ. ನಾನು ಚೀರಿರಲಿಲ್ಲ. ಅವರೇ ಸಣ್ಣಗೆ ಚೀರಿದ್ದರು.

ಕೊಟ್ರಪ್ಪನವರ ಬಗ್ಗೆ ಹೇಳಬೇಕು. ಅವರು ಬಳ್ಳಾರಿ ಕಡೆಯ ಕೊಟ್ಟೂರಿನವರು. ಜಿಗಣಿಯ ಒಂದು ಕಾರ್ಖಾನೆಗೆ ಹುಡುಗನಾಗಿ ಕೆಲಸಕ್ಕೆ ಸೇರಿ, ಈಗ ಪ್ಯಾಕಿಂಗ್ ವಿಭಾಗದ ಸೂಪರ್‌ವೈಸರ್ ಆಗಿದ್ದಾರೆ. ಮನುಷ್ಯ ಬೆಣ್ಣೆಯಂಥವರು. ಆದರೆ ಒಂದು ವರ್ಷದಿಂದ ಆ ಬೆಣ್ಣೆಗೆ ಏನೋ ಆಗಿತ್ತು. ಬಸ್ಸಿಳಿದು ಬಂದವರೇ ಗೇಟನ್ನು ಹಾಕುತ್ತಿರಲಿಲ್ಲ, ಬಡಿಯುತ್ತಿದ್ದರು. ಅದರ ಸದ್ದು ಕೇಳಿ ಬೀದಿಯ ಮಕ್ಕಳು ಕ್ರಿಕೆಟ್ ಚೆಂಡನ್ನು ತಾವಾಗಿಯೇ ಬಚ್ಚಿಡುತ್ತಿದ್ದರು. ನಿದ್ದೆ ಬರುವುದಿಲ್ಲ ಎಂದು ರಾತ್ರಿಯೆಲ್ಲ ತಾರಸಿಯ ಮೇಲೆ ತಿರುಗಾಡುವ ಅವರ ಚಪ್ಪಲಿಯ ಸದ್ದು ನನಗೆ ಅಭ್ಯಾಸವಾಗಿಹೋಗಿತ್ತು.

ಅಂಥ ಕೊಟ್ರಪ್ಪನವರು ಈಗ ನನ್ನ ಮೆಟ್ಟಿಲ ಕೆಳಗೆ, ತೊಡೆಗೆ ಬಣ್ಣ ಬಳಿದ ಹಾಗೆ ಅಂಟಿಕೊಂಡ ಕರಿ ಚಡ್ಡಿಯಲ್ಲಿ ಕೂತು ಟ್ಯೂಬಿಗೆ ಸೊಲ್ಯೂಷನ್ ಸವರುತ್ತಿದ್ದರು. ಪಕ್ಕದಲ್ಲಿ ಚಕ್ರ ಬಿಚ್ಚಿದ ಒಂದು ಗೇರ್ ಸೈಕಲ್ಲು, ಆಪರೇಷನ್ನಿಗೆ ಮಲಗಿಸಿದ ಹಾಗೆ ಮಲಗಿತ್ತು.

"ಕಂಪನಿ ಡಾಕ್ಟರ್ ಹತ್ರ ಹೋಗಿದ್ದೆ ರೀ" ಎಂದು ಅವರು ಹೇಳತೊಡಗಿದರು. "ಎದಿ ಬಿಗಿತೈತಿ, ನಿದ್ದಿ ಇಲ್ಲ, ಸುಮ್ ಸುಮ್ನ ಸಿಟ್ಟು ಬರ್ತೈತಿ ಅಂದೆ. ಎದಿಗೆ ವಯರ್ ಹಚ್ಚಿ ನೋಡಿದ್ರು, ರಕ್ತ ತಗಂಡ್ರು, ಎಲ್ಲಾ ಮಾಡಿದ್ರು. ಏನೂ ರೋಗಿಲ್ಲ, ಮನಸ್ಸು ದಣದೈತಿ, ನಿಮಗ ಖುಷಿ ಆಗೋದು ಏನರ ಮಾಡ್ರಿ ಅಂದ್ರು."

"ಒಳ್ಳೆಯದೇ ಹೇಳಿದ್ದಾರೆ."

"ಖುಷಿ ಆಗೋದು ಯಾವುದು ಅಂತ ಗೊತ್ತಿದ್ರ ಅವರ ಹತ್ರ ಯಾಕ್ ಹೋಗ್ತಿದ್ದೆ ರೀ? ಬಸ್ಸಿನ್ಯಾಗ ಕುಂತು ಯೋಚ್ನಿ ಮಾಡಿದೆ. ಕಡೀಗೆ ನೆನಪಾತು. ಸಣ್ಣಾಂವ ಇದ್ದಾಗ ಅಪ್ಪನ ಸಾಯ್ಕಲ್ ತಗಂಡು, ಸೀಟಿನ ಮ್ಯಾಲಿಂದ ಕಾಲು ಎಟಗೂದಿಲ್ಲಂತ ಪೈಪಿನ ನಡುವ ಕಾಲು ತೂರಿಸಿ ಹೊಡೀತಿದ್ದೆ. ಆವಾಗ ನಾ ಖುಷಿ ಇದ್ದೆ. ಹಿಂದಿನ ಓಣಿ ಪೀಜಿಯ ಹುಡುಗ ರೂಮು ಖಾಲಿ ಮಾಡಾಕತ್ತಿದ್ದ, ಇದನ್ನ ಕೊಟ್ಟು ಹೋದ."

"ಸರಿ, ನಿಮ್ಮ ಮನೆಯಲ್ಲಿ ಇಡುವುದು ಬಿಟ್ಟು ನನ್ನ ಮೆಟ್ಟಿಲ ಕೆಳಗೆ ಯಾಕೆ?"

ಕೊಟ್ರಪ್ಪನವರು ಎದುರುಮನೆಯ ಕಿಟಕಿಯ ಕಡೆ ನೋಡಿದರು. ಅಲ್ಲಿ ಅವರ ಹೆಂಡತಿ ಮಹಾನಂದಾ ಮಲಗಿದ್ದಳು. ವಿಷಯ ನನಗೆ ಅರ್ಥವಾಯಿತು. ಆ ಮನೆಗೆ ಆರೋಗ್ಯದ ಹೆಸರಿನಲ್ಲಿ ಬಂದ ಸಾಮಾನುಗಳನ್ನು ಇಡೀ ಬೀದಿಯೇ ಬಲ್ಲದು. ನಿಂತಲ್ಲೇ ನಡೆಯುವ ಯಂತ್ರದ ಮೇಲೆ ಈಗ ಮಹಾನಂದಾ ಸೀರೆ ಒಣಹಾಕುತ್ತಾಳೆ. ಕಾಲು ಒತ್ತುವ ಯಂತ್ರದ ಮೇಲೆ ಅಕ್ಕಿ ಡಬ್ಬ ಕೂತಿದೆ. "ಇನ್ನೊಂದು ಸಾಮಾನು ಈ ಮನಿಗೆ ಬಂತಂದ್ರ, ಅದು ಇರಬೇಕು, ಇಲ್ಲಾ ನಾ ಇರಬೇಕು" ಎಂದು ಅವಳು ಯುಗಾದಿಯ ದಿನ, ಬೇವುಬೆಲ್ಲ ಕೈಯಲ್ಲಿ ಹಿಡಿದೇ ಘೋಷಿಸಿದ್ದಳು.

"ಮತ್ತ ಡಾಕ್ಟರ್ ಹತ್ರ ಹೋಗಿದ್ದೆ ಅಂದ್ರ ಹೆದರ್ತಾಳ್ರೀ. ಅವರಪ್ಪ ಎದಿ ಹಿಡಕೊಂಡೇ ಹೋದ್ರು. ಸ್ವಲ್ಪ ದಿನ ಇಲ್ಲೇ ಇರ್ಲಿ ಟೀಚರಮ್ಮ, ನಿಮ್ಮ ಕಾಲಿಗೆ ಬೀಳ್ತೀನಿ."

ಆ ಚಡ್ಡಿಯಲ್ಲಿ ಅವರು ಬಗ್ಗುವುದು ಇಬ್ಬರಿಗೂ ಕ್ಷೇಮವಲ್ಲವೆಂದು ಕಂಡು, ನಾನು ಕೂಡಲೇ ಒಪ್ಪಿಕೊಂಡೆ.

ಸೈಕಲ್ಲೇನೋ ಅಡಗಿತು, ಚಡ್ಡಿಯನ್ನು ಅಡಗಿಸುವುದು ಕಷ್ಟವಾಯಿತು. ಅದಿಲ್ಲದೆ ಆ ಸೀಟಿನ ಮೇಲೆ ಕೂರಲು ಆಗುವುದಿಲ್ಲವೆಂದು ಅಂಗಡಿಯವನು ಹೇಳಿದ್ದನಂತೆ. ಹಿಂಭಾಗಕ್ಕೆ ಸಣ್ಣ ದಿಂಬನ್ನೇ ಹೊಲಿದಿದ್ದರು. ಅದನ್ನು ತೊಟ್ಟು ಬೀದಿಗಿಳಿಯುವ ಧೈರ್ಯ ಕೊಟ್ರಪ್ಪನವರಿಗೆ ಇರಲಿಲ್ಲ. ಅದಕ್ಕೇ ಮೇಲೊಂದು ಪಂಚೆ ಉಟ್ಟು ಹೊರಟು, ಬೀದಿಯ ತಿರುವು ದಾಟಿದ ಮೇಲೆ ಬಿಚ್ಚಿ ಚೀಲಕ್ಕೆ ತುರುಕಿಕೊಳ್ಳುವುದೆಂದು ತೀರ್ಮಾನಿಸಿದರು. ಪಂಚೆ ತರಲು ಅಂಗಡಿಗೆ ಹೋದರೆ, ಅದು ಶಬರಿಮಲೆಯ ಕಾಲ. ಎದುರಿಗೇ ಕಪ್ಪು ಪಂಚೆಗಳ ರಾಶಿ. ಕತ್ತಲಲ್ಲಿ ಯಾರಿಗೂ ಕಾಣುವುದಿಲ್ಲ, ಒಳ್ಳೆಯದೇ ಆಯಿತೆಂದು ಅದನ್ನೇ ತಂದರು.

ಇಷ್ಟಕ್ಕೇ ನಿಂತಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಕೊಟ್ರಪ್ಪನವರು ಹೆಂಡತಿ ಏಳಬಾರದೆಂದು ಪಟ್ಟ ಎಚ್ಚರಿಕೆಗೆ ಎಣೆ ಇರಲಿಲ್ಲ. ಗೀಸರಿನ ಸ್ವಿಚ್ಚು ಟಕ್ಕೆನ್ನುತ್ತದೆಂದು ತಣ್ಣೀರಲ್ಲೇ ಸ್ನಾನ ಮಾಡಿದರು. ಮಂಚ ಕಿರುಗುಟ್ಟುತ್ತದೆಂದು ಹಜಾರದ ನೆಲದ ಮೇಲೆ ಚಾಪೆ ಹಾಸಿ ಮಲಗಿದರು. ಬೂಟಿನ ಸದ್ದಾಗುತ್ತದೆಂದು ಬರಿಗಾಲಲ್ಲಿ ಹೊರಟರು. ಹೊಟ್ಟೆ ಭಾರವಾದರೆ ಪೆಡಲು ತುಳಿಯಲಾಗುವುದಿಲ್ಲವೆಂದು ರಾತ್ರಿಯ ಊಟವನ್ನು ಎರಡು ಬಾಳೆಹಣ್ಣಿಗೆ ಇಳಿಸಿದರು. ಹೊತ್ತು ಸಾಲದೆ ಗಡ್ಡ ಹೆರೆಯುವುದನ್ನು ಬಿಟ್ಟರು. ಸೈಕಲ್ಲಿನ ಬೀಗದ ಕೈಯನ್ನು ಕಪ್ಪು ದಾರಕ್ಕೆ ಪೋಣಿಸಿ, ಯಾರಿಗೂ ಕಾಣದ ಹಾಗೆ ಕೊರಳಿಗೆ ಹಾಕಿ ಅಂಗಿಯೊಳಗೆ ಬಿಟ್ಟುಕೊಂಡರು.

ಓದುವವರು ಈಗ ಕಣ್ಣು ಮುಚ್ಚಿ ಈ ಮನುಷ್ಯನನ್ನು ಒಮ್ಮೆ ಕಲ್ಪಿಸಿಕೊಳ್ಳಬೇಕು. ಕಾರ್ತಿಕ ಮಾಸ. ಬೆಳಗಿನ ಜಾವ. ತಣ್ಣೀರು ಮಿಂದ ಮೈ, ಕುರುಚಲು ಗಡ್ಡ, ಕಪ್ಪು ಪಂಚೆ, ಕೊರಳಲ್ಲಿ ಕಪ್ಪು ದಾರ, ಬರಿಗಾಲು.

ಹಾಲಿನಂಗಡಿಯ ನರಸಿಂಹಯ್ಯ ಕಣ್ಣು ಮುಚ್ಚಬೇಕಾಗಿರಲಿಲ್ಲ. ಕೊಟ್ರಪ್ಪನವರು ಸೈಕಲ್ಲು ತೆಗೆಯಲು ನನ್ನ ಮೆಟ್ಟಿಲ ಕಡೆ ಬರುವಾಗ, ಅಂಗಡಿಯ ಷಟರು ಎತ್ತುತ್ತ ಅವನು ಕಣ್ಣಾರೆ ಕಂಡ.

ನರಸಿಂಹಯ್ಯ ಈ ಊರಿನ ಹಳೆಯ ಒಕ್ಕಲು. ಇಲ್ಲಿನ ಕಟ್ಟಡಗಳೆಲ್ಲ ರಾಗಿ ಹೊಲವಾಗಿದ್ದಾಗಿನಿಂದ ಇರುವವನು. ವರ್ಷ ತಪ್ಪದೆ ಶಬರಿಮಲೆಗೆ ಹೋಗಿ, ಈಗ ಗುರುಸ್ವಾಮಿಯಾಗಿದ್ದಾನೆ. ಸುತ್ತಮುತ್ತ ಯಾರೇ ಮಾಲೆ ಹಾಕಿಕೊಂಡರೂ ಅವನ ಕೈಯಿಂದಲೇ ಹಾಕಿಸಿಕೊಳ್ಳಬೇಕು. ಅಷ್ಟೇ ಅಲ್ಲ, ಹಾಕಿಸಿಕೊಳ್ಳದವರನ್ನು ಅವನು ಮರೆಯುವುದಿಲ್ಲ.

"ಟೀಚರಮ್ಮ" ಎಂದು ನನ್ನ ಹಾಲಿನ ಪ್ಯಾಕೆಟ್ಟನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದ, "ನಿಮ್ಮ ಎದ್ರು ಮನೆ ಕೊಟ್ರಪ್ಪ ಮಾಲೆ ಆಕವ್ರಾ?"

"ನನಗೆ ಗೊತ್ತಿಲ್ಲಪ್ಪ" ಎಂದೆ. ಪೂರ್ತಿ ಸುಳ್ಳಲ್ಲ.

"ಆಕವ್ರೆ. ನಾನ್ ನೋಡ್ದೆ. ಬರಿಗಾಲು, ಕರೀ ಪಂಚೆ. ಸ್ವಾಮಿ ಶರಣಂ ಅಂದೆ, ಕೈ ಮುಗುದು ಓಡೋದ್ರು. ನನ್ನ ಮುಂದೆ ನಿಂತ್ಕೊಳ್ಳೋಕೆ ಮುಖ ಇಲ್ಲ. ಯಾಕೆ? ನಂತಾವ ಆಕುಸ್ಕಂಡಿಲ್ಲ! ಆ ಬೊಮ್ಮನಹಳ್ಳಿ ಗುರುಸ್ವಾಮಿ ತಾವ ಓಗವ್ರೆ. ಇರ್ಲಿ. ಅಂಗಿದ್ರೂ ಸ್ವಾಮಿ ಸ್ವಾಮೀನೇ. ನಾವು ಮರ್ಯಾದೆ ಬಿಡಬಾರ್ದು."

ಮರ್ಯಾದೆಯನ್ನು ಯಾರೂ ಬಿಡಲಿಲ್ಲ. ಅಂದು ಸಂಜೆ ಕೊಟ್ರಪ್ಪನವರು ಬಸ್ಸಿಳಿದು ಬಂದರೆ, ಬೀದಿಗೆ ಅಡ್ಡ ನಿಲ್ಲಿಸಿದ್ದ ಸ್ಕೂಟರುಗಳು ತಾವಾಗಿ ಪಕ್ಕಕ್ಕೆ ಸರಿದವು. "ಸ್ವಾಮಿ, ದಾರಿ ಸ್ವಾಮಿ" ಎಂದಿತು ಕ್ರಿಕೆಟ್ ತಂಡ. ಕಾರು ನಿಲ್ಲಿಸುವ ಜಾಗಕ್ಕೆ ಹಗಲಿರುಳೂ ಜಗಳವಾಡುವ ಎರಡು ಮನೆಯವರು ಅವರು ಹಾದುಹೋಗುವ ತನಕ ಬೈಗುಳವನ್ನು ಬಾಯಲ್ಲೇ ಇಟ್ಟುಕೊಂಡು ಕಾದರು. ಚಹಾದಂಗಡಿಯ ಕೃಷ್ಣ ಹೊಸ ಲೋಟ ತಂದು, ಅವರೆದುರಿಗೇ ತೊಳೆದು, ಅದನ್ನು ಅವರಿಗೆಂದೇ ಬೇರೆ ಇಟ್ಟ.

"ನಾನು ಸ್ವಾಮಿ ಅಲ್ಲೋ ಮಾರಾಯ" ಎಂದರು ಕೊಟ್ರಪ್ಪನವರು.

"ಅಯ್ಯೋ ಬಿಡಿ ಸ್ವಾಮಿ, ನಿಜವಾದ ಸ್ವಾಮಿಗಳು ಹಂಗೇ ಅನ್ನೋದು" ಎಂದ ಕೃಷ್ಣ.

ಸ್ವಾಮಿ ಅಲ್ಲ ಎಂದರೆ ಮತ್ತೇನು ಎಂಬುದನ್ನು ಹೇಳಬೇಕು. ಅದನ್ನು ಹೇಳಿದರೆ ಸೈಕಲ್ಲು ಹೊರಗೆ ಬೀಳುತ್ತದೆ. ನಮ್ಮ ಬೀದಿಯಲ್ಲಿ ಹಾಲಿನಂಗಡಿಯ ಮುಂದೆ ಬೆಳಿಗ್ಗೆ ಆಡಿದ ಮಾತು ಹಾಲು ಉಕ್ಕುವ ಮೊದಲೇ ಮಹಾನಂದಾಳ ಅಡುಗೆಮನೆ ಸೇರುತ್ತದೆ. ಕೊಟ್ರಪ್ಪನವರು ಬಾಯಿ ಮುಚ್ಚಿಕೊಂಡರು. ಬಾಯಿ ಮುಚ್ಚಿಕೊಂಡ ಸ್ವಾಮಿಗೆ ಇನ್ನೂ ಹೆಚ್ಚು ಗೌರವ ಬಂತು.

ಕಾರ್ಖಾನೆಗೂ ಸುದ್ದಿ ಹೋಯಿತು. ಹಿಂದಿನ ಬೀದಿಯ ರೂಮಿನಲ್ಲಿರುವ ರಾಯಚೂರಿನ ಹನುಮೇಶ ಅವರ ಕೈಕೆಳಗೇ ಕೆಲಸ ಮಾಡುವವನು. ಅವನು ಒಂದು ಮಾತು ಆಡಿದ, ಕ್ಯಾಂಟೀನಿನ ಸಿದ್ದಕ್ಕ ಉಳಿದದ್ದನ್ನು ಪೂರೈಸಿದಳು. ಮಾರನೆಯ ದಿನದಿಂದ ಅವರಿಗೆ ಈರುಳ್ಳಿ ಹಾಕದ ಸಾಂಬಾರು ಬೇರೆ ಪಾತ್ರೆಯಲ್ಲಿ ಬರತೊಡಗಿತು.

"ಉಳ್ಳಾಗಡ್ಡಿ ಇಲ್ದ ಸಾರು ತಿಂದು ನಾಲಿಗಿ ಸತ್ತೈತ್ರೀ ಟೀಚರಮ್ಮ" ಎಂದು ಕೊಟ್ರಪ್ಪನವರು ಮೆಟ್ಟಿಲ ಕೆಳಗೆ ನನ್ನಲ್ಲಿ ತೋಡಿಕೊಂಡರು. "ಅದೂ ಹೋಗ್ಲಿ, ನಮ್ಮ ಮ್ಯಾನೇಜರ್ ಶಶಿಕುಮಾರ್ ಸಾಹೇಬ್ರು ಮೊನ್ನಿ ಎದ್ದು ನಿಂತು ಕುರ್ಚಿ ಕೊಟ್ರು. ನನಗ! ಹೋದ ತಿಂಗಳು ಎಲ್ಲಾರ ಮುಂದ ನಿನಗೆ ಬುದ್ಧಿ ಐತೋ ಇಲ್ಲೋ ಅಂದಿದ್ರು. ಈಗ ಲೋಡಿಂಗ್‌ನವರು ಜಗಳಾಡಿದ್ರ ನನ್ನ ಕರ್ಕೊಂಡು ಹೋಗಿ ನಡುವ ನಿಂದ್ರಸ್ತಾರು. ಮಾತಾಡಬ್ಯಾಡ ಸ್ವಾಮಿ, ಸುಮ್ನ ನಿಂತ್ಕೋ, ಸಾಕು ಅಂತಾರು."

"ಜಗಳ ನಿಲ್ಲುತ್ತದೆಯೆ?"

"ನಿಂದ್ರತೈತ್ರೀ. ಸ್ವಾಮಿ ಮುಂದ ಬೈಯಾಕ ಯಾರಿಗೂ ಬಾಯಿ ಬರಂಗಿಲ್ಲ. ಮತ್ತ..." ಎಂದು ಅವರು ಚಕ್ರದ ಮಣ್ಣು ಒರೆಸಿದರು. "ನನಗೂ ಸಿಟ್ಟು ಬರವಲ್ದು. ಎಲ್ಲಾರೂ ಮಾಲೆ ಮಹಿಮಾ ಅಂತಾರು. ನಾ ಏನ್ ಹೇಳ್ಲಿ?"

ಮಹಿಮೆ ಯಾವುದರದೆಂದು ನನಗೆ ಗೊತ್ತಿತ್ತು. ದಿನಾ ಬೆಳಿಗ್ಗೆ ಅವರು ಹೋಗುವಾಗಲೂ ನೋಡುತ್ತಿದ್ದೆ, ಬರುವಾಗಲೂ ನೋಡುತ್ತಿದ್ದೆ. ಹೋಗುವಾಗ ಬೀಗ ಹಾಕಿದ ಮನೆಯ ಹಾಗಿದ್ದ ಮುಖ, ಬರುವಾಗ ಕಿಟಕಿ ಬಾಗಿಲೆಲ್ಲ ತೆರೆದುಕೊಂಡಿರುತ್ತಿತ್ತು. ಸೈಕಲ್ಲು ಒರಗಿಸಿ, ಬೆವರು ಒರೆಸಿಕೊಳ್ಳುತ್ತ ನನಗೆ ಆ ದಿನದ ವರದಿ ಒಪ್ಪಿಸುತ್ತಿದ್ದರು. ಹರಳೂರು ದಾಟಿ ಸರ್ಜಾಪುರದ ಕಡೆಗೆ ತಿರುಗಿದರೆ ಇನ್ನೂ ರಾಗಿ ಕಾಣುತ್ತದೆಯಂತೆ. ಕಟ್ಟುತ್ತಿರುವ ಒಂದು ಅಪಾರ್ಟ್‌ಮೆಂಟಿನ ಮುಂದೆ ಕಲಬುರಗಿಯ ಹೆಂಗಸರು ಮೂರು ಕಲ್ಲಿನ ಒಲೆಯ ಮೇಲೆ ರೊಟ್ಟಿ ಬಡಿಯುತ್ತ, ಇವರನ್ನು ಕಂಡು "ಯಣ್ಣಾ, ಸಾವಕಾಶ ಹೋಗು" ಎನ್ನುತ್ತಾರಂತೆ. ಕೆರೆಯ ಏರಿಯ ಮೇಲೆ ಮಂಜು ಎಷ್ಟೆಂದರೆ ತನ್ನ ಮುಂದಿನ ಚಕ್ರವೇ ತನಗೆ ಕಾಣುವುದಿಲ್ಲವಂತೆ.

"ಇಳಿಜಾರು ಬರ್ತೈತ್ ನೋಡ್ರಿ, ಅಲ್ಲಿ ಪೆಡಲ್ ತುಳಿಯೂದು ಬಿಟ್ಟುಬಿಡ್ತೀನಿ. ಸಾಯ್ಕಲ್ ತಾನಾ ಹೊಕ್ಕೈತಿ. ಕಿವಿಯಾಗ ಗಾಳಿ ಸುಂಯ್ ಅಂತೈತಿ. ತಲ್ಯಾಗ ಒಂದು ಗಿರಣಿ ಇತ್ತ್ರೀ ಟೀಚರಮ್ಮ. ಹಗಲೂ ರಾತ್ರಿ ಬೀಸ್ತಿತ್ತು, ಕಾಳಿರ್ಲಿ ಬಿಡ್ಲಿ. ಆ ಇಳಿಜಾರಿನ್ಯಾಗ ಅದು ಬಂದ್ ಆಕ್ಕೈತಿ."

ಐವತ್ತು ಹತ್ತಿರವಾದ ಆ ಮನುಷ್ಯ ಇದನ್ನು ಹೇಳುವಾಗ ಎರಡು ಕೈಗಳನ್ನೂ ಮುಂದಕ್ಕೆ ಚಾಚಿ, ಇಲ್ಲದ ಹ್ಯಾಂಡಲ್ಲನ್ನು ಹಿಡಿದುಕೊಂಡಿದ್ದರು.

ಎಲ್ಲವೂ ಹೀಗೆಯೇ ನಡೆದುಹೋಗುತ್ತಿತ್ತೋ ಏನೋ. ಆದರೆ ಒಂದು ಶುಕ್ರವಾರ ಮಹಾನಂದಾ ಕರಿಬೇವು ಕೇಳಿಕೊಂಡು ಬಂದಳು. ಕರಿಬೇವು ಕಿತ್ತುಕೊಟ್ಟರೂ ಹೋಗಲಿಲ್ಲ. ಮೆಟ್ಟಿಲ ಮೇಲೆ ಕೂತಳು. ಅವಳ ಕೆಳಗೇ ಸೈಕಲ್ಲು ಗೋಣಿಚೀಲ ಹೊದ್ದುಕೊಂಡು ನಿಂತಿತ್ತು. ನಾನು ಮೆಲ್ಲಗೆ ಅದಕ್ಕೆ ಅಡ್ಡ ನಿಂತೆ. ಅವಳು ಅದನ್ನು ನೋಡಲಿಲ್ಲ. ಏನನ್ನೂ ನೋಡುತ್ತಿರಲಿಲ್ಲ. ಕೆನ್ನೆ ಇಳಿದಿತ್ತು, ಕೈಬಳೆ ಮೊಣಕೈ ತನಕ ಜಾರುತ್ತಿತ್ತು.

"ನಿಮ್ಮನ್ನ ಒಂದು ಮಾತು ಕೇಳ್ಲೇನ್ರೀ ಟೀಚರಮ್ಮ? ನಮ್ಮ ಮನಿದೇವ್ರು ಕೊಟ್ಟೂರ ಬಸವೇಶ್ವರ. ಮಳಿ ಬರ್ಲಿ, ಜ್ವರ ಬರ್ಲಿ, ಇವರು ಕೈ ಮುಗಿಯೂದು ಅಲ್ಲಿಗೇ. ಅಂಥವರು ಮನಿದೇವ್ರನ್ನ ಬಿಟ್ಟು ದೂರದ ದೇವ್ರಿಗೆ ಹರಕಿ ಹೊತ್ತಾರು ಅಂದ್ರ, ಕಷ್ಟ ಎಷ್ಟು ದೊಡ್ಡದಿರಬೇಕು?"

ನಾನು ಏನಾದರೂ ಹೇಳುವ ಮೊದಲೇ ಅವಳು ಮುಂದುವರಿಸಿದಳು. "ಕಂಪನಿ ದವಾಖಾನ್ಯಾಗ ಭಾಳ ಹೊತ್ತು ಕುಂತಿದ್ರಂತ. ಹನುಮೇಶನ ಹೇಣ್ತಿ ಅಂದ್ಲು. ನನಗ ಒಂದು ಮಾತು ಹೇಳಿಲ್ಲ. ನೆಲದ ಮ್ಯಾಲೆ ಮಲಗ್ತಾರು. ತಣ್ಣೀರು ಹಾಕ್ಕೋತಾರು, ಬಚ್ಚಲದಾಗ ಹಲ್ಲು ಕಟಕಟ ಅನ್ನೂದು ನನಗ ಕೇಳಸ್ತೈತ್ರೀ. ನಾ ಮಲಗಿದಾಂಗ ಇರ್ತೀನಿ. ಹೇಳೂ ಹಂಗಿದ್ರ ಹೇಳ್ತಿದ್ರು. ಹೇಳಲಾರದ್ದನ್ನ ಕೇಳಿ ಯಾಕ ನೋಯಿಸ್ಲಿ?" ಸೆರಗಿನಿಂದ ಮೂಗು ಒರೆಸಿಕೊಂಡಳು. "ಅದಕ್ಕ ನಾನೂ ಒಪ್ಪತ್ತು ಹಿಡಿದೀನಿ. ದಿನಕ್ಕೊಂದಾ ಊಟ. ಅವರ ವ್ರತದಾಗ ಏನರ ಕಡಿಮಿ ಬಿದ್ರ ನಂದು ಕೂಡ್ಲಿ ಅಂತ. ಅವರಿಗೆ ಹೇಳಬ್ಯಾಡ್ರಿ, ಆಣಿ ಐತಿ."

ನಾನು ಮೇಷ್ಟರ ಕೆಲಸ ಮಾಡಿದವಳು. ಇಬ್ಬರು ಮಕ್ಕಳು ಒಬ್ಬರಿಗೊಬ್ಬರು ಕಾಣದ ಹಾಗೆ ತಮ್ಮ ತಮ್ಮ ತಿಂಡಿಯನ್ನು ಇನ್ನೊಬ್ಬರ ಡಬ್ಬಿಗೆ ಹಾಕುವುದನ್ನು ನೋಡಿದ್ದೇನೆ. ಕೊನೆಗೆ ಇಬ್ಬರಿಗೂ ಹಸಿವು. ಹೆಂಡತಿ ಏಳದಿರಲೆಂದು ಗಂಡ ನಡುಗುತ್ತ ಮೀಯುತ್ತಾನೆ, ಗಂಡ ನೊಂದುಕೊಳ್ಳದಿರಲೆಂದು ಹೆಂಡತಿ ಎದ್ದೂ ಮಲಗಿರುತ್ತಾಳೆ. ಈ ಇಬ್ಬರ ನಡುವೆ ಎಲ್ಲಕ್ಕಿಂತ ಸುಖವಾಗಿ ನಿದ್ದೆ ಮಾಡುತ್ತಿದ್ದದ್ದು ನನ್ನ ಮೆಟ್ಟಿಲ ಕೆಳಗಿನ ಸೈಕಲ್ಲು.

ಆಣೆ ಅವಳು ಹಾಕಿದ್ದು, ನಾನು ಒಪ್ಪಿದ್ದಲ್ಲ. ಶನಿವಾರ ಬೆಳಿಗ್ಗೆ ಕೊಟ್ರಪ್ಪನವರಿಗೆ ಎಲ್ಲವನ್ನೂ ಹೇಳಿಬಿಟ್ಟೆ.

ಅವರು ಕೈಯಲ್ಲಿದ್ದ ಗಾಳಿಪಂಪನ್ನು ಮೆಲ್ಲಗೆ ಕೆಳಗಿಟ್ಟರು. "ಉಪಾಸ?" ಎಂದರು. "ಆಕಿ ಹಸಿವು ತಡಿಯೂ ಹೆಣ್ಣಲ್ರೀ. ಶಿವರಾತ್ರಿ ದಿನ ಸೈತ ಮಧ್ಯಾಹ್ನಕ್ಕ ಅವಲಕ್ಕಿ ತಿಂತಾಳ."

"ಈಗ ತಿನ್ನುತ್ತಿಲ್ಲ."

ಸೈಕಲ್ಲಿನ ಸೀಟಿನ ಧೂಳನ್ನು ಅಂಗೈಯಿಂದ ಒರೆಸಿದರು. "ಇವತ್ತ ಸಂಜಿಗೆ ಹೇಳಿಬಿಡ್ತೀನಿ. ಇದನ್ನ ಮಾರ್ತೀನಿ. ಆಕಿ ಮಾತಿಗೆ ಎದುರಾಗಿ ತಂದಿದ್ದು, ಮನಿಯೊಳಗ ಹ್ಯಾಂಗ ಇಟಗೊಳ್ಳಿ?" ಎಂದರು. ಅಂದು ಸವಾರಿ ಹೋಗಲಿಲ್ಲ.

ಆದರೆ ಸಂಜೆ ಅವರಿಗಿಂತ ಮೊದಲೇ ನರಸಿಂಹಯ್ಯ ಅವರ ಮನೆಯ ಹಜಾರದಲ್ಲಿ ಕೂತಿದ್ದ. ಜೊತೆಗೆ ಅವನ ಹೆಂಡತಿ ಈಶ್ವರಮ್ಮ, ಎರಡು ದೊಡ್ಡ ತಪ್ಪಲೆಗಳು, ಒಂದು ಮೂಟೆ ಅಕ್ಕಿ. ಮೊದಲ ಸಲ ಮಲೆಗೆ ಹೋಗುವ ಕನ್ನಿಸ್ವಾಮಿಗಳು ಮನೆಯಲ್ಲಿ ಕನ್ನಿಪೂಜೆ ಮಾಡಿಸಿ, ಉಳಿದ ಸ್ವಾಮಿಗಳಿಗೆ ಊಟ ಹಾಕಬೇಕೆಂಬುದು ಪದ್ಧತಿ. ಅದನ್ನು ತಾನೇ ನಿಂತು ನಡೆಸಿಕೊಡುವುದೆಂದು ಅವನು ನಿಶ್ಚಯಿಸಿದ್ದ.

"ಬೊಮ್ಮನಹಳ್ಳಿಯವನು ಮಾಲೆ ಆಕ್ಬುಟ್ಟು ಕೈ ತೊಳ್ಕಂಡ. ಕನ್ನಿಸ್ವಾಮಿ ಮನೇಲಿ ಪೂಜೆ ಆಗದಿದ್ರೆ ನಮ್ಮ ಬೀದಿಗೇ ಅವಮಾನ" ಎಂದ. "ನಾಳೆ ಭಾನುವಾರ, ಬೆಳಿಗ್ಗೆ ಎಂಟಕ್ಕೆ. ನೀವೇನೂ ತಲೆ ಕೆಡುಸ್ಕಬ್ಯಾಡಿ ಸ್ವಾಮಿ. ಎಲ್ಲಾ ನಾವ್ ನೋಡ್ಕತೀವಿ."

ಕೊಟ್ರಪ್ಪನವರು ಬಾಯಿ ತೆರೆದರು. ಮಹಾನಂದಾ ಆಗಲೇ ಅಕ್ಕಿಯನ್ನು ಕಣ್ಣಿಗೊತ್ತಿಕೊಂಡು ಆರಿಸಲು ಕೂತಿದ್ದಳು. ಅವರು ತಪ್ಪಲೆಗಳನ್ನು ಅಡುಗೆಮನೆಗೆ ಒಯ್ದರು. ಬೀದಿಯ ಹೆಂಗಸರೆಲ್ಲ ಬಂದು ತರಕಾರಿ ಹೆಚ್ಚಿದರು. ಗಂಡ ಹೆಂಡತಿ ಇಬ್ಬರೇ ಇರುವ ಗಳಿಗೆ ಆ ಮನೆಯಲ್ಲಿ ಬೆಳಗಾಗುವ ತನಕ ಬರಲಿಲ್ಲ.

ಭಾನುವಾರ ಇನ್ನೂ ಕತ್ತಲಿರುವಾಗಲೇ ಅವರು ನನ್ನ ಮೆಟ್ಟಿಲ ಕೆಳಗೆ ಬಂದರು. "ಒಂದೇ ಸುತ್ತು ಟೀಚರಮ್ಮ. ಆ ಇಳಿಜಾರಿನ ತನಕ ಹೋಗಿ ಬಂದುಬಿಡ್ತೀನಿ. ಬಂದು ಪೂಜಿಗೆ ಮೊದ್ಲಾ ಆಕೀಗೆ ಎಲ್ಲಾ ಹೇಳ್ತೀನಿ. ಆಮ್ಯಾಲೆ ಇದು ಯಾರ ಪಾಲಿಗೋ" ಎಂದರು. ಕಡೆಯ ಸಲ ನೋಡಲು ಬಂದವರ ಹಾಗಿತ್ತು ಮುಖ. ನಾನು ಹೋಗಬೇಡಿ ಎನ್ನಲಿಲ್ಲ.

ಬೀದಿಯ ತಿರುವಿನಲ್ಲಿ ನರಸಿಂಹಯ್ಯನ ಹುಡುಗರು ಮಾವಿನ ತೋರಣ ಕಟ್ಟುತ್ತಿದ್ದರು. ಪಂಚೆ ಬಿಚ್ಚುವ ಜಾಗ ಅದೇ. ಬಿಚ್ಚಲಾಗಲಿಲ್ಲ. ಉಟ್ಟ ಪಂಚೆಯಲ್ಲೇ ಸೈಕಲ್ಲನ್ನು ದೂಡಿಕೊಂಡು ಹಿಂದಿನ ಓಣಿಯಿಂದ ಹೊರಟರು.

ಎಂಟಾಯಿತು. ಹಜಾರದಲ್ಲಿ ದೀಪ ಹಚ್ಚಿದರು. ಹತ್ತಾರು ಸ್ವಾಮಿಗಳು ತಾಳ ಹಿಡಿದು ಶರಣು ಕೂಗಿದರು. ಕನ್ನಿಸ್ವಾಮಿಯ ಮಣೆ ಮಾತ್ರ ಖಾಲಿ. ಮಹಾನಂದಾ ಬಾಗಿಲಿಗೂ ಒಲೆಗೂ ಓಡಾಡಿದಳು. "ದೇವಸ್ಥಾನಕ್ಕೆ ಹೋಗಿರಬೇಕು" ಎಂದರು ಒಬ್ಬರು. "ಕನ್ನಿಸ್ವಾಮಿಗೆ ಭಯ ಆಗೋದು ಸಹಜ" ಎಂದರು ಇನ್ನೊಬ್ಬರು. ಅದನ್ನು ಕೇಳಿ ಅವಳ ಭಯ ಹೆಚ್ಚಾಯಿತು. ನಾನು ಮೂಲೆಯಲ್ಲಿ ಕೂತು, ಯಾವ ದೇವರಿಗೆ ಕೈ ಮುಗಿಯಬೇಕೆಂದು ತಿಳಿಯದೆ ಎಲ್ಲರಿಗೂ ಸೇರಿಸಿ ಮುಗಿದೆ.

ಆಗ ಬೀದಿಯಲ್ಲಿ ಏನೋ ಕರಕರ ಎಂದಿತು.

ಕೊಟ್ರಪ್ಪನವರು ಬರುತ್ತಿದ್ದರು. ತಲೆಯ ಮೇಲೆ ಹಳದಿ ಹೆಲ್ಮೆಟ್ಟು. ಮೈಯಲ್ಲಿ ಬೆವರಿಗೆ ಅಂಟಿದ ಅಂಗಿ. ಸೊಂಟದಿಂದ ಕೆಳಗೆ ಆ ಚಡ್ಡಿ, ಅದರ ಹಿಂದಿನ ದಿಂಬು. ಪಂಚೆ ಸೈಕಲ್ಲಿನ ಚೈನಿಗೆ ಸಿಕ್ಕಿ, ಸುತ್ತಿ, ಹರಿದು, ಉಳಿದ ತುಂಡು ಹಿಂದಿನ ಚಕ್ರದಿಂದ ಬಾಲದ ಹಾಗೆ ಇಳಿಬಿದ್ದಿತ್ತು. ಚಕ್ರ ತಿರುಗದೆ ಸೈಕಲ್ಲನ್ನು ಅರ್ಧ ಎತ್ತಿಕೊಂಡೇ ಬರುತ್ತಿದ್ದರು. ತೋರಣದ ಕೆಳಗೆ ಹಾದು, ರಂಗೋಲಿ ತುಳಿಯದ ಹಾಗೆ ಹಾರಿ, ತಮ್ಮ ಮನೆಯ ಬಾಗಿಲಲ್ಲಿ ನಿಂತರು.

ಶರಣು ಕೂಗು ಅರ್ಧಕ್ಕೇ ನಿಂತಿತು. ತಾಳ ಹಿಡಿದವನ ಕೈ ಗಾಳಿಯಲ್ಲೇ ಉಳಿಯಿತು.

ಮೊದಲು ಎದ್ದವನು ನರಸಿಂಹಯ್ಯ. ಹೆಗಲ ಮೇಲಿನ ವಲ್ಲಿಯನ್ನು ತೆಗೆದು, ಕೊಟ್ರಪ್ಪನವರ ಸೊಂಟಕ್ಕೆ ಸುತ್ತಿ, ಗಂಟು ಹಾಕಿದ. ವಿಚಾರಣೆ ಆಮೇಲೆ ಶುರುವಾಯಿತು.

"ಮಾಲೆ ಎಲ್ಲಿ?"

ಕೊಟ್ರಪ್ಪನವರು ಅಂಗಿಯೊಳಗಿನಿಂದ ಕಪ್ಪು ದಾರ ಎಳೆದರು. ತುದಿಯಲ್ಲಿ ಬೀಗದ ಕೈ ತೂಗಿತು. "ಇದು ಸಾಯ್ಕಲ್ಲಿಂದ್ರೀ. ಮಾಲಿ ಹಾಕಿಲ್ಲ."

"ಬೊಮ್ಮನಹಳ್ಳಿಯವನು ಆಕ್ಲಿಲ್ವಾ?"

"ಯಾರೂ ಹಾಕಿಲ್ರೀ."

ನರಸಿಂಹಯ್ಯನ ಮುಖದಲ್ಲಿ ಕೋಪಕ್ಕಿಂತ ಮೊದಲು ಒಂದು ಸಮಾಧಾನ ಹಾದುಹೋದದ್ದನ್ನು ನಾನು ನೋಡಿದೆ. ಆದರೂ ಗಂಟಲು ಗಟ್ಟಿ ಮಾಡಿದ. "ಅಂಗಾದ್ರೆ ತಣ್ಣೀರು ಯಾಕೆ?"

"ಗೀಸರ್ ಸ್ವಿಚ್ ಸಪ್ಪಳ ಆಕ್ಕೈತಿ ಅಂತ."

"ಬರಿಗಾಲು?"

"ಬೂಟಿನ ಸಪ್ಪಳ."

"ನೆಲದ ಮ್ಯಾಲೆ ಮಲಗಿದ್ದು?"

"ಮಂಚ ಕಿರಗುಟ್ಟತೈತ್ರೀ. ಆಕೀ ನಿದ್ದಿ ಕೆಡ್ತೈತಿ."

ಬೀದಿಯ ಹೆಂಗಸರೆಲ್ಲ ಒಮ್ಮೆಗೇ ತಂತಮ್ಮ ಗಂಡಂದಿರ ಕಡೆ ತಿರುಗಿದರು. ಗಂಡಂದಿರು ದೇವರ ಪಟದ ಕಡೆ ತಿರುಗಿದರು.

ಕೊಟ್ರಪ್ಪನವರು ಹೆಂಡತಿಯ ಮುಂದೆ ಹೋಗಿ ನಿಂತರು. ಹೆಲ್ಮೆಟ್ಟು ತೆಗೆಯುವುದನ್ನು ಮರೆತಿದ್ದರು. "ತಪ್ಪಾತು. ನಿನಗ ಹೇಳ್ದ ತಂದೆ. ಇವತ್ತಾ ಮಾರಿಬಿಡ್ತೀನಿ."

ಮಹಾನಂದಾ ಸೈಕಲ್ಲಿನ ಕಡೆ ನೋಡಲೇ ಇಲ್ಲ. "ಡಾಕ್ಟರ್ ಏನಂದ್ರು?"

"ಏನೂ ಇಲ್ಲ ಅಂದ್ರು."

"ನನ್ನ ಮ್ಯಾಲೆ ಆಣಿ ಇಟ್ಟು ಹೇಳ್ರಿ."

"ನಿನ್ನಾಣಿ. ಮನಸ್ಸು ದಣದೈತಿ, ಖುಷಿ ಆಗೋದು ಮಾಡು ಅಂದ್ರು. ಅಷ್ಟಾ."

ಅವಳು ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ಅತ್ತಳೋ ನಕ್ಕಳೋ ತಿಳಿಯಲಿಲ್ಲ. ಭುಜ ಮಾತ್ರ ಕುಲುಕುತ್ತಿತ್ತು. "ಮೊನ್ನಿ ರಾತ್ರಿ ಗೊರಕಿ ಹೊಡದ್ರಿ" ಎಂದಳು ಕೊನೆಗೆ. "ಒಂದು ವರ್ಷ ಆಗಿತ್ತು ಆ ಸಪ್ಪಳ ಕೇಳಿ. ನಾ ಎದ್ದು ಕುಂತು ಕೇಳಿದೆ. ಮಾರೂದೇನು ಬ್ಯಾಡ. ಹೊರಗ ಬಿಟ್ರ ಕಳ್ಳರು ಒಯ್ತಾರು, ಒಳಗ ತರ್ರಿ."

"ಮತ್ತ, ಅದು ಇರಬೇಕು ಇಲ್ಲಾ ನಾ ಇರಬೇಕು ಅಂದಿದ್ದಿ?"

"ಇಬ್ರೂ ಇರ್ತೀವಿ. ಜಾಗ ಐತಿ."

ಕೊಟ್ರಪ್ಪನವರು ಈಗ ಹೆಲ್ಮೆಟ್ಟು ತೆಗೆದರು. ದನಿ ತಗ್ಗಿಸಿ, ಆದರೆ ಹತ್ತಿರವಿದ್ದ ನಮಗೆಲ್ಲ ಕೇಳುವ ಹಾಗೆ, "ನೀ ಒಪ್ಪತ್ತು ಮಾಡಾಕತ್ತಿದ್ದು ಗೊತ್ತಾಗೈತಿ. ಮೊದ್ಲು ಉಣ್ಣು" ಎಂದರು.

"ಹೋಗ್ರಿ, ಸ್ವಾಮಿಗೋಳು ಕುಂತಾರು. ಅವರದು ಆಗದ ನಾ ಹ್ಯಾಂಗ ಉಣ್ಲಿ?" ಎಂದು ಅವಳು ಒಳಗೆ ಹೋಗಲು ತಿರುಗಿದಳು. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ಒಂದು ಕ್ಷಣ ನಿಂತಳು. ಬೆಳಗಿನಿಂದ ಅಷ್ಟು ಜನಕ್ಕೆ ಬೇಯಿಸಿದವಳ ಹೊಟ್ಟೆಗೆ ಇನ್ನೂ ಏನೂ ಬಿದ್ದಿರಲಿಲ್ಲ.

ಅವಳು ಹೇಳಿದ್ದು ಸರಿಯೇ. ಮೊದಲ ಎಲೆ ಗುರುಸ್ವಾಮಿಗೆ, ಆಮೇಲೆ ಉಳಿದ ಸ್ವಾಮಿಗಳಿಗೆ, ಕೊನೆಗೆ ಮನೆಯವರು. ನರಸಿಂಹಯ್ಯನ ಮನೆಯಲ್ಲಿ ಆ ಕ್ರಮ ಎಂದೂ ತಪ್ಪಿದ್ದಿಲ್ಲ. ಈಶ್ವರಮ್ಮನನ್ನು ಕೇಳಿದರೆ ಬೇಕಾದಷ್ಟು ಹೇಳುತ್ತಾಳೆ.

ಎಲ್ಲರೂ ಈಗ ಏನೆಂದು ನರಸಿಂಹಯ್ಯನ ಮುಖ ನೋಡಿದರು. ಅವನು ಕಣ್ಣರಳಿಸಿ, "ಏನ್ರಪ್ಪಾ, ಗೊಂಬೆ ನೋಡ್ದಂಗೆ ನೋಡ್ತೀರಾ? ಅಚ್ಚಿದ ದೀಪ ಅಚ್ಚಿದಂಗೇ ಇದೆ. ಪಟದ ಕಡೆ ತಿರಿಕ್ಕೊಳ್ಳಿ. ಎತ್ತಿ ಭಜನೆ, ಜೋರಾಗಿ!" ಎಂದ.

ತಾಳಗಳು ಒಮ್ಮೆಗೇ ಬಿದ್ದವು. ಬೀದಿಯೆಲ್ಲ ದೇವರ ಕಡೆ ಮುಖ ಮಾಡಿ, ಕಣ್ಣು ಮುಚ್ಚಿ ಹಾಡತೊಡಗಿತು. ಆ ಗದ್ದಲದೊಳಗೆ ನರಸಿಂಹಯ್ಯ ಅಡುಗೆಮನೆಗೆ ಹೋದ. ಅನ್ನ, ಹುಳಿ, ಹಪ್ಪಳ ಬಡಿಸಿದ ಮೊದಲ ಎಲೆಯನ್ನು ತಟ್ಟೆಯ ಮೇಲೆ ಇಟ್ಟುಕೊಂಡು, ಗೋಡೆಯ ಮಗ್ಗುಲಲ್ಲೇ ನಡೆದು ಬಂದು, ಚೌಕಟ್ಟು ಹಿಡಿದು ನಿಂತಿದ್ದ ಮಹಾನಂದಾಳ ಕೈಗಿತ್ತ.